ಜಿಮಿ ಹೆಂಡ್ರಿಕ್ಸನಿಗೆ ಒಂದು ಗುರುಕಾಣಿಕೆ

ಕೊಯಮತ್ತೂರಿನ ಎರೆಭೂಮಿಯಲ್ಲಿ ಬೆಳೆದ ಹತ್ತಿಯನ್ನು ನೆಚ್ಚಿ, 1888ರಲ್ಲಿ ಸ್ಥಾಪಿತವಾದ ನೂಲಿನ ಗಿರಣಿಯಿಂದ ಮೊದಲ್ಗೊಂಡು ಇಂದಿನ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳವರೆಗೆ ಬಾಳು ಕಟ್ಟಿಕೊಂಡ ಜನರಲ್ಲಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ಕುಟುಂಬಗಳು ಅನೇಕವಿವೆ. ಅಂಥ ಮನೆಗಳ ಓದುಗರಿಗೆ ಬ್ಲೂಸ್ ಎಂಬ ಅಮೆರಿಕದ ಗಾನವನ್ನು ಪರಿಚಯಿಸಲು ಹತ್ತಿಯ ಹೊಲದಿಂದಲೇ ಹೊರಡುವುದು ಉಚಿತ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೂ ಕೋರಿನ ಬೇಸಾಯದ ಸಾಲಕ್ಕೆ ಸಿಲುಕಿ, ಮಿಸಿಸಿಪಿ ಸೀಮೆಯ ಬಯಲುಗಳಲ್ಲಿ ಪರರ ಹತ್ತಿಯನ್ನು ಬಿಡಿಸುತ್ತಿದ್ದ ಆಫ್ರಿಕಮೂಲದ ಜನರ ದುಡಿಮೆಯ ಕೂಗುಗಳೂ ಪ್ರಾರ್ಥನೆಗಳೂ ಕೂಡಿ ಆ ಗಾನವಾಯಿತು.

ಅದರ ಚೌಕಟ್ಟು ಸರಳ. ನಾಲ್ಕು ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತಗಳು. ಷಡ್ಜ, ಶುದ್ಧಮಧ್ಯಮ, ಪಂಚಮಗಳನ್ನು ಆಧರಿಸಿದ ಮೂರು ಸ್ವರಗುಚ್ಛಗಳು. ಆದರೆ ಅದರ ಜೀವವಿರುವುದು ಸ್ವರದ ಬಾಗುವಿಕೆಯಲ್ಲಿ. ಗಿಟಾರ್ ವಾದಕನು ಮೆಟ್ಟಿನ ಮೇಲೆ ತಂತಿಯನ್ನು ಒತ್ತಿಹಿಡಿದು ಅಡ್ಡಕ್ಕೆ ಎಳೆದನೆಂದರೆ, ಸಾಧಾರಣ ಗಾಂಧಾರದಿಂದ ಹೊರಟ ನಾದವು ಅಂತರ ಗಾಂಧಾರವನ್ನು ಮುಟ್ಟಿಯೂ ಮುಟ್ಟದಂತೆ ನಡುವೆಯೇ ನಿಂತು ನರಳುತ್ತದೆ. ವೀಣೆಯ ಗಮಕವನ್ನು ಬಲ್ಲ ಕಿವಿಗೆ ಇದು ಪರಕೀಯವೆನಿಸಲಾರದು. ಸೋಲ್ ಎಂಬುದು ಇದರ ಅನಂತರದ ಕವಲು: ಇಗರ್ಜಿಯ ಭಕ್ತಿಗಾನದ ಆವೇಶವನ್ನು 1950ರ ದಶಕದಲ್ಲಿ ರೇ ಚಾರ್ಲ್ಸ್ ಮೊದಲಾದವರು ಲೌಕಿಕ ಪ್ರೇಮದ ಹಾಡಿಗೆ ಒಗ್ಗಿಸಿದರು.

ಈ ಎರಡು ಪರಂಪರೆಗಳಲ್ಲಿಯೂ ಪಳಗಿದವನು ಜಿಮಿ ಹೆಂಡ್ರಿಕ್ಸ್. 1942ರಲ್ಲಿ ಸಿಯಾಟಲ್ ನಗರದಲ್ಲಿ ಜನಿಸಿ, ಗಾಯಕರಾದ ಐಸ್ಲಿ ಸಹೋದರರಿಗೂ ಲಿಟಲ್ ರಿಚರ್ಡನಿಗೂ ಪಕ್ಕವಾದ್ಯ ನುಡಿಸಿ, ಬಲಗೈಯವರಿಗೆಂದು ಮಾಡಿದ ಗಿಟಾರನ್ನು ಎಡಗೈಗೆ ತಿರುಗಿಸಿ ಹಿಡಿದ ಈ ಯುವಕ, 1970ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಅದೇ ವರ್ಷ ತಮಿಳುನಾಡಿನ ರಾಣಿಪೇಟೆಯಲ್ಲಿ ಹುಟ್ಟಿದ ಗಿಟಾರ್ ವಾದಕ ಪ್ರಸನ್ನ ಅವರು 2006ರಲ್ಲಿ ಹೊರತಂದ 'ಎಲೆಕ್ಟ್ರಿಕ್ ಗಣೇಶ ಲ್ಯಾಂಡ್' ಹೆಂಡ್ರಿಕ್ಸನಿಗೆ ಸಲ್ಲಿಸಿದ ಗೌರವದ ಆಲ್ಬಮ್. ಹೆಂಡ್ರಿಕ್ಸನ 1968ರ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' ಎಂಬ ಆಲ್ಬಮ್ಮಿನ ಹೆಸರಿನ ನೆನಪು ಅದರಲ್ಲಿದೆ. ಪ್ರಸನ್ನ ಅವರು ಮದರಾಸಿನ ಐಐಟಿಯಲ್ಲಿ ನೌಕಾನಿರ್ಮಾಣ ಶಾಸ್ತ್ರವನ್ನೂ ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನಲ್ಲಿ ಪಾಶ್ಚಾತ್ಯ ಸಂಗೀತವನ್ನೂ ಓದಿದವರು. ಕರ್ನಾಟಕ ಸಂಗೀತದಲ್ಲಿ ಅವರ ಗುರುಗಳಲ್ಲೊಬ್ಬರು, ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿಗೆ ಬಹುಕಾಲ ಪಿಟೀಲಿನಲ್ಲಿ ಜೊತೆಯಾದ ವಿದುಷಿ ಎ. ಕನ್ಯಾಕುಮಾರಿ.

ಸಾಮಾನ್ಯವಾಗಿ ಇಂಥ ಆಲ್ಬಮ್ಮುಗಳಲ್ಲಿ ಪೂರ್ವಸೂರಿಯ ಪ್ರಸಿದ್ಧ ಹಾಡುಗಳನ್ನೇ ಮತ್ತೆ ನುಡಿಸುವ ರೂಢಿಯುಂಟು. ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರು ಹಿಂದಿನ ತಲೆಮಾರಿನ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ನನಿಗೆ 2004ರಲ್ಲಿ ಹಾಗೆಯೇ ನಮಸ್ಕರಿಸಿದರು, ಅದೂ ಸುಂದರವಾದದ್ದೇ. ಪ್ರಸನ್ನ ಹಿಡಿದ ದಾರಿ ಬೇರೆ. ಹೆಂಡ್ರಿಕ್ಸನ ಹಾಡುಗಳನ್ನು ಪುನರುಚ್ಚರಿಸದೆ, ಅವನ ವಿದ್ಯುತ್ ಗಿಟಾರಿನ ಗರ್ಜನೆಗೆ ದಕ್ಷಿಣದ ತಾಳವಾದ್ಯಗಳನ್ನು ಜೊತೆಗೂಡಿಸಿ ತಮ್ಮವೇ ಹೊಸ ರಚನೆಗಳನ್ನು ಮಾಡಿದರು. ಅವುಗಳಲ್ಲೊಂದಕ್ಕೆ ಮದರಾಸಿನ ಟ್ರಿಪ್ಲಿಕೇನಿನ ಹೆಸರು ಸೇರಿದೆ. ಇನ್ನೊಂದು 'ಎರಪ್ಷನ್ ಇನ್ ಬ್ಯಾಂಗಲೋರ್'. ಗುರುವಿನ ಮಾತನ್ನಲ್ಲ, ಅವನ ಧೈರ್ಯವನ್ನು ಅನುಸರಿಸಿದ ಈ ಶಿಷ್ಯತ್ವವೇ ನನಗೆ ಹೆಚ್ಚು ಮಾನ್ಯವಾಗಿ ತೋರುತ್ತದೆ. ಏಕೆಂದರೆ ಹೆಂಡ್ರಿಕ್ಸನೂ ಹತ್ತಿಹೊಲದ ಹಾಡನ್ನು ಯಥಾವತ್ತಾಗಿ ಉಳಿಸಿಕೊಳ್ಳದೆ, ತನ್ನ ಕಾಲದ ವಿದ್ಯುತ್ತಿನಲ್ಲಿ ಅದನ್ನು ಮರಳಿ ಹುಟ್ಟಿಸಿದವನು.

ಕೇಳಬಯಸುವವರು ಮೊದಲು ಹೆಂಡ್ರಿಕ್ಸನ 'ರೆಡ್ ಹೌಸ್' ಎಂಬ ಹನ್ನೆರಡು ಆವರ್ತಗಳ ಬ್ಲೂಸನ್ನು ಕೇಳಿ, ತಂತಿ ಬಾಗುವ ಎಡೆಗಳನ್ನು ಗುರುತಿಸಿಕೊಂಡು, ಬಳಿಕ ಪ್ರಸನ್ನ ಅವರ ಗಿಟಾರಿನಲ್ಲಿ ಯಾವುದಾದರೊಂದು ಕೀರ್ತನೆಯನ್ನು ಆಲಿಸಿ, ಆಮೇಲೆ ಈ ಆಲ್ಬಮ್ಮಿಗೆ ಬರಲಿ.