ನಿಮಗಿದು ಗೊತ್ತೇ? ಮನೆಹೆಸರು, ಕಾವ್ಯನಾಮ, ಪರದೆಯ ಹೆಸರು

ಕುಳ್ಕುಂದ ಶಿವರಾಯ ಯಾರೆಂದು ಕೇಳಿದರೆ ಸುಬ್ರಹ್ಮಣ್ಯ ಪೇಟೆಯಲ್ಲೂ ಹಲವರು ತಡವರಿಸಬಹುದು. ‘ಚಿರಸ್ಮರಣೆ’ ಬರೆದವರು ಯಾರು ಎಂದರೆ ಓದುವ ಅಭ್ಯಾಸವಿದ್ದವರು ಥಟ್ಟನೆ ನಿರಂಜನ ಎನ್ನುತ್ತಾರೆ. ಇಬ್ಬರೂ ಒಬ್ಬರೇ. ಈಗ ಕಡಬ ತಾಲೂಕಿಗೆ ಸೇರಿರುವ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯರು ಬರಹಕ್ಕಾಗಿ ಇಟ್ಟುಕೊಂಡ ಹೆಸರು ನಿರಂಜನ. 25 ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪಾದಕರೂ ಅವರೇ.

ಅವರ ಪತ್ನಿ, ವೈದ್ಯೆ ಮತ್ತು ಕಾದಂಬರಿಗಾರ್ತಿ ಡಾ. ಅನುಪಮಾ ನಿರಂಜನ. ತೀರ್ಥಹಳ್ಳಿಯಲ್ಲಿ ಹುಟ್ಟಿದಾಗ ಅವರಿಗಿಟ್ಟ ಹೆಸರು ವೆಂಕಟಲಕ್ಷ್ಮಿ. ಅಂದರೆ ‘ಅನುಪಮಾ ನಿರಂಜನ’ ಎಂಬ ಹೆಸರಿನ ಎರಡು ಭಾಗಗಳೂ ಆರಿಸಿಕೊಂಡವೇ, ತೊಟ್ಟಿಲಿನಿಂದ ಬಂದವಲ್ಲ. ಮುಂದೆ ಮಗಳು, ವಿದ್ವಾಂಸೆ ತೇಜಸ್ವಿನಿ ನಿರಂಜನ ಅವರಿಗೆ ತಂದೆಯ ಕಾವ್ಯನಾಮವೇ ಮನೆತನದ ಹೆಸರಾಯಿತು. ಪರದೆಯ ಮೇಲೆ ಬೇರೆ ಹೆಸರಿಟ್ಟುಕೊಂಡವರೆಲ್ಲ ಏನನ್ನೋ ಮುಚ್ಚಿಡುವವರು ಎಂದು ದೂರುವ ಮೊದಲು ಈ ಕುಟುಂಬವನ್ನು ನೆನೆಯಬೇಕು. ಅಲ್ಲಿ ಇಟ್ಟುಕೊಂಡ ಹೆಸರಿನಲ್ಲೇ ಜೀವಮಾನದ ದುಡಿಮೆ ಇದೆ.

ಇದೇ ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯನ್ನೂ ಬರೆದರು. ಅದರ ವಸ್ತು ಸುಳ್ಯದ ನೆಲದಲ್ಲಿ ಎದ್ದ 1837ರ ರೈತ ಬಂಡಾಯ.

ಆ ಬಂಡಾಯದ ನಡುವೆ ಇದ್ದದ್ದೂ ಒಂದು ಹೆಸರೇ ಎಂಬುದು ಗೊತ್ತೇ? 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆ ಕೆನರಾ ಜಿಲ್ಲೆಗೆ ಹೋಯಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿಯೇ ಕಟ್ಟಬೇಕೆಂದಾಯಿತು. ರೈತರು ಸಿಡಿದರು. ಜನ ಒಟ್ಟುಗೂಡಬೇಕಾದರೆ ಕೊಡಗನ್ನಾಳಿದ ಹಾಲೇರಿ ಅರಸುಮನೆಯ ಹೆಸರು ಬೇಕಿತ್ತು. ಆ ಮನೆತನದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಅಷ್ಟರಲ್ಲೇ ಬ್ರಿಟಿಷರ ಸೆರೆಯಲ್ಲಿದ್ದ. ಆಗ ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮತ್ತು ಅವರ ಜೊತೆಗಾರರು ಪುಟ್ಟಬಸಪ್ಪ ಎಂಬ ಕೊಡಗಿನ ರೈತನನ್ನು ಸುಳ್ಯದ ಪೂಮಲೆಯಲ್ಲಿ ಕಲ್ಯಾಣಸ್ವಾಮಿ ಎಂದು ಮುಂದಿಟ್ಟರು. ಮಾರ್ಚ್ 30ರಂದು ದಂಡು ಹೊರಟಿತು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ಏಪ್ರಿಲ್ 5ಕ್ಕೆ ಮಂಗಳೂರು ಸೇರಿ, 13 ದಿನ ಆ ಪಟ್ಟಣವನ್ನು ತಮ್ಮ ವಶದಲ್ಲಿಟ್ಟುಕೊಂಡರು.

ಕೊನೆಗೆ ಪುಟ್ಟಬಸಪ್ಪ ಮಂಗಳೂರಿನಲ್ಲೂ ಅಪ್ಪಯ್ಯ ಗೌಡರು ಮಡಿಕೇರಿಯಲ್ಲೂ ನೇಣಿಗೇರಿದರು. ಬೇರೊಬ್ಬನ ಹೆಸರು ಹೊತ್ತದ್ದಕ್ಕೆ ಪುಟ್ಟಬಸಪ್ಪ ತನ್ನ ಕೊರಳನ್ನೇ ಕೊಟ್ಟ. ಹೆಸರಿನ ಹಿಂದೆ ಅಡಗಿ ಕಲ್ಲೆಸೆಯುವುದಕ್ಕೂ ಹೆಸರು ಹೊತ್ತು ಮುಂದೆ ನಿಲ್ಲುವುದಕ್ಕೂ ಎಷ್ಟು ದೂರ ಎಂದು ತಿಳಿಯಬೇಕಾದವರು ಪೂಮಲೆಗೆ ಒಮ್ಮೆ ಹೋಗಿಬರಬೇಕು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ.

ಕೆದಂಬಾಡಿ, ಗುಡ್ಡೆಮನೆ: ಇವೆರಡೂ ಮನೆಹೆಸರುಗಳು. ಪುತ್ತೂರು, ಸುಳ್ಯ, ಕಡಬದ ಕಡೆ ಮೊದಲು ಮನೆ, ಆಮೇಲೆ ಮನುಷ್ಯ. ಮುಖ್ಯಮಂತ್ರಿಯಾಗಿದ್ದ ಡಿ.ವಿ. ಸದಾನಂದ ಗೌಡರ ‘ಡಿ’ ಸುಳ್ಯದ ದೇವರಗುಂಡ ಮನೆ, ‘ವಿ’ ತಂದೆ ವೆಂಕಪ್ಪ. ಸುಳ್ಯದಲ್ಲಿ ಕಾಲೇಜುಗಳನ್ನು ಕಟ್ಟಿದ ಕೆ.ವಿ.ಜಿ. ಎಂದರೆ ಕುರುಂಜಿ ವೆಂಕಟರಮಣ ಗೌಡ. ಸೇಡಿಯಾಪು ಕೃಷ್ಣಭಟ್ಟ, ಮುಳಿಯ ತಿಮ್ಮಪ್ಪಯ್ಯ, ಕಡೆಂಗೋಡ್ಲು ಶಂಕರಭಟ್ಟ, ಎಲ್ಲರ ಹೆಸರೂ ಮನೆ ಅಥವಾ ಊರಿನಿಂದಲೇ ಶುರು. ಯಕ್ಷಗಾನದ ಪುತ್ತೂರು ನಾರಾಯಣ ಹೆಗ್ಡೆ, ಪುತ್ತೂರು ಶ್ರೀಧರ ಭಂಡಾರಿ ಅವರಿಗೆ ಊರೇ ಬಿರುದು.

ಬೋಳುವಾರು ಮಹಮದ್ ಕುಂಞಿ ಅವರ ಹೆಸರಿನಲ್ಲಿರುವ ಬೋಳುವಾರು ಪುತ್ತೂರು ಪೇಟೆಯದೇ ಒಂದು ಭಾಗ. ತನ್ನ ಊರನ್ನು ಹೆಸರಿನ ಮುಂದೆ ಹೊತ್ತ ಈ ಲೇಖಕರು ಕಥೆಗಳಲ್ಲಿ ಮಾತ್ರ ಊರಿನ ಹೆಸರನ್ನೇ ಬದಲಿಸಿ ಮುತ್ತುಪ್ಪಾಡಿ ಎಂಬ ಹಳ್ಳಿ ಕಟ್ಟಿದರು. ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗಾದರೆ ನಮ್ಮವರ ‘ನಿಜವಾದ ಹೆಸರು’ ಯಾವುದು? ಆಧಾರ್‌ನಲ್ಲಿರುವುದೇ, ಶಾಲೆಯ ದಾಖಲೆಯದೇ, ಮನೆಯಲ್ಲಿ ಕರೆಯುವುದೇ? ಫಾರ್ಮಿನಲ್ಲಿ ‘ಸರ್‌ನೇಮ್’ ಎಂಬ ಚೌಕ ಕಂಡಾಗ ನಮ್ಮ ಕಡೆಯವರ ಪೆನ್ನು ನಿಲ್ಲುವುದು ಇದಕ್ಕೇ. 2022ರ ನವೆಂಬರ್‌ನಲ್ಲಿ ಅರಬ್ ಸಂಯುಕ್ತ ಸಂಸ್ಥಾನವು ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗಬಹುದು ಎಂದು ಬಳಿಕ ಸಡಿಲಿಸಿತು.

ಬರೆಯುವವರು ಹೆಸರು ಬದಲಿಸುವುದು ಹೊಸತೇನಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ತಾನು ಬರೆದ ಕಾವ್ಯವನ್ನು ಹಳೆಯ ಕವಿಯೊಬ್ಬನದೆಂದು ಹೇಳಿ ಮೈಸೂರಿಗೆ ಕಳುಹಿಸಿದರು. ಉಡುಪಿಯ ಈ ವ್ಯಾಯಾಮ ಶಿಕ್ಷಕ ಇಂದು ನಮಗೆಲ್ಲ ಮುದ್ದಣ. ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂದು ಸಹಿ ಹಾಕಿದರು. ಅವರ ‘ಪಂಜೆ’ಯ ಬೇರು ಸುಬ್ರಹ್ಮಣ್ಯದ ಹತ್ತಿರದ ಪಂಜದಲ್ಲಿದೆ. ಪಾಡಿಗಾರು ವೆಂಕಟರಮಣ ಆಚಾರ್ಯರು ಅರ್ಥಾತ್ ಪಾವೆಂ ‘ಲಾಂಗೂಲಾಚಾರ್ಯ’ರಾದರು.

ಹೆಂಗಸರಿಗೆ ಹೆಸರು ಮರೆಮಾಡುವುದು ಎಷ್ಟೋ ಸಲ ಆಟವಲ್ಲ, ರಕ್ಷಣೆ. ಕೊಡಗಿನ ಗೌರಮ್ಮ (1912–1939) ವಿಧವೆಯರ, ಅಂತರ್ಜಾತಿ ಪ್ರೇಮದ ಕಥೆಗಳನ್ನು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನ ನೆರಳಲ್ಲಿ ಪ್ರಕಟಿಸಿದರು. ಕುಂದಾಪುರದ ಜಾನಕಿ ಶ್ರೀನಿವಾಸಮೂರ್ತಿಯವರು ತಾವು ಕಳುಹಿಸಿದ ಕಥೆ ನಿಜಜೀವನಕ್ಕೆ ಹತ್ತಿರವಾಯಿತೆಂದು ಹಿಂಜರಿದಾಗ ‘ಸುಧಾ’ ವಾರಪತ್ರಿಕೆ ಅದನ್ನು ‘ವೈದೇಹಿ’ ಎಂಬ ಹೆಸರಲ್ಲಿ ಅಚ್ಚುಮಾಡಿತು. ಆ ಹೆಸರೇ ಉಳಿಯಿತು. ಇಂದು ಮದುವೆ ಮುರಿದ ಹುಡುಗಿಯೋ ಮನೆಯ ಹಿಂಸೆಯಲ್ಲಿ ಬೇಯುತ್ತಿರುವ ಸೊಸೆಯೋ ಬೇರೆ ಹೆಸರಿನಲ್ಲಿ ಸಲಹೆ ಕೇಳುತ್ತಿದ್ದರೆ, ಅದೂ ಇದೇ ಅಗತ್ಯದಿಂದ. ಅವಳಿಂದ ಆಧಾರ್ ಕಾರ್ಡು ಕೇಳುವವರಿಗೆ ಅವಳ ಕಷ್ಟ ತಿಳಿದಿಲ್ಲ.

ಪರದೆಯ ಹೆಸರಿನ ಮಾತಿಗೆ ಬಂದರೆ, ಹವ್ಯಕ ಭಾಷೆಗೊಂದು ಅಂತರಜಾಲ ತಾಣವಿದೆ, ಒಪ್ಪಣ್ಣ ಡಾಟ್ ಕಾಮ್. ಸುಮಾರು ಒಂದೂವರೆ ದಶಕ ಹಳೆಯದು. ಕಾಸರಗೋಡು, ವಿಟ್ಲ, ಪುತ್ತೂರು, ಸುಳ್ಯ ಸೀಮೆಯ ಮನೆಮಾತು ಅಲ್ಲಿ ಬರಹಕ್ಕೆ ಇಳಿದಿದೆ. ಬರೆಯುವವರ ಹೆಸರುಗಳನ್ನು ನೋಡಿ: ಚೆನ್ನೈಭಾವ, ಶರ್ಮಪ್ಪಚ್ಚಿ, ಡಾಗುಟ್ರಕ್ಕ. ಅಲ್ಲಿ ಸೇರುವ ಬಳಗಕ್ಕೆ ಬೈಲು ಎನ್ನುತ್ತಾರೆ, ಓದಿದವರು ಬರೆಯುವ ಪ್ರತಿಕ್ರಿಯೆಗೆ ಒಪ್ಪ. ವಿಷುವಿಗೆ ಬರಹದ ಸ್ಪರ್ಧೆಯನ್ನೂ ನಡೆಸಿದ್ದಾರೆ.

ಇದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಹೆಸರುಗಳೊಳಗೆ ನೆಂಟಸ್ತಿಕೆ ಕೂತಿರುವುದು. ಅಪ್ಪಚ್ಚಿ (ಚಿಕ್ಕಪ್ಪ) ಎಂದು ಕರೆದ ಮೇಲೆ ಏಕವಚನದ ಬೈಗುಳ ಬಾಯಿಗೆ ಬರುವುದು ಕಷ್ಟ. ಭಾವನಾದರೆ ತಮಾಷೆಗೆ ಸಲಿಗೆ ಇದೆ, ಅದಕ್ಕೂ ಒಂದು ಮಿತಿ ಇದೆ. ಮಾವನ ಮುಂದೆ ಮಾತು ತೂಗಿ ಆಡಬೇಕು. ದಾಖಲೆಯ ಹೆಸರು ಅಲ್ಲಿ ಕಾಣಿಸುವುದಿಲ್ಲ, ಆದರೆ ಆ ಹೆಸರಿನವರು ಯಾರ ಮನೆಯವರೆಂದು ಬೈಲಿನಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ, ಮುಂದಿನ ಮದುವೆಯಲ್ಲೋ ಪೂಜೆಯಲ್ಲೋ ಮುಖಾಮುಖಿ ಆಗಲೇಬೇಕು. ದೊಡ್ಡ ಕಂಪೆನಿಗಳು ಕೋಟಿಗಟ್ಟಲೆ ಸುರಿದೂ ಕಟ್ಟಲಾಗದ ಮರ್ಯಾದೆಯನ್ನು ಒಂದು ಪುಟ್ಟ ಭಾಷಾ ಸಮುದಾಯ ನೆಂಟರ ಹೆಸರುಗಳಿಂದಲೇ ಕಟ್ಟಿಕೊಂಡಿತು.

ಇದಕ್ಕೆ ತೀರಾ ಎದುರು ದಾರಿಯೂ ಪುತ್ತೂರಿನಲ್ಲೇ ಇದೆ. 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯಲ್ಲಿ ಬರೆಯುವವರು ಬಹುತೇಕ ಕೃಷಿಕರೇ. ಲೇಖನದೊಂದಿಗೆ ಹೆಸರು, ಊರು, ಫೋನ್ ನಂಬರು ಇರುತ್ತದೆ. ಕಸಿಯ ಬಗ್ಗೆ ಓದಿದವರು ನೇರ ಫೋನು ಮಾಡಬಹುದು, ತೋಟಕ್ಕೇ ಹೋಗಿ ನೋಡಬಹುದು. ಬೇಸಾಯದ ಮಾತಿಗೆ ಹೀಗೆ ಪೂರ್ತಿ ಹೆಸರೇ ಬೇಕು. ಯಾವ ಗಿಡಕ್ಕೆ ಯಾವ ಮದ್ದು ಎಂದು ಗುರುತಿಲ್ಲದವರು ವಾಟ್ಸ್ಆ್ಯಪ್‌ನಲ್ಲಿ ಹೇಳಿದ್ದನ್ನು ನಂಬಿ ಸಿಂಪಡಿಸಿದರೆ ನಷ್ಟ ತೋಟದವನಿಗೆ. ಈ ಪತ್ರಿಕೆಯ ಸಂಪಾದಕ ಶ್ರೀಪಡ್ರೆ ಅವರ ಹೆಸರಿನಲ್ಲಿರುವ ಪಡ್ರೆ, ಕಾಸರಗೋಡಿನ ಎಣ್ಮಕಜೆಯ ಒಂದು ಗ್ರಾಮ.

ಎಲ್ಲ ಕಡೆಯೂ ನಿಜ ಹೆಸರನ್ನೇ ಕಡ್ಡಾಯ ಮಾಡಿದರೆ? ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ನಿಜವಾದ ಗುರುತು ತೋರಿಸಲೇಬೇಕೆಂದು ಕಾನೂನು ಮಾಡಿತು. 2011ರಲ್ಲಿ ಅಲ್ಲಿನ ಎರಡು ಜನಪ್ರಿಯ ತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ವಿವರ ಕಳ್ಳರ ಪಾಲಾಯಿತು. 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ರದ್ದುಮಾಡಿತು. ಗೂಗಲ್ ಪ್ಲಸ್ 2011ರಲ್ಲಿ ‘ನಿಜ ಹೆಸರು’ ನಿಯಮದೊಂದಿಗೆ ಬಂದು, 2014ರಲ್ಲಿ ಕ್ಷಮೆ ಕೇಳಿ ಅದನ್ನು ಕೈಬಿಟ್ಟಿತು.

ಬೆಂಗಳೂರಿನ ‘ಕೂ’ ಆ್ಯಪ್ 2022ರಲ್ಲಿ ನಡುದಾರಿ ಹಿಡಿದಿತ್ತು: ಬೇಕಾದವರು ಮಾತ್ರ ಗುರುತಿನ ಚೀಟಿಯಿಂದ ಖಾತ್ರಿ ಪಡೆದು ಹಸಿರು ಗುರುತು ಹಾಕಿಸಿಕೊಳ್ಳಬಹುದಿತ್ತು. ಆ್ಯಪ್ 2024ರಲ್ಲಿ ಮುಚ್ಚಿತು. ನಮ್ಮ 2021ರ ಐಟಿ ನಿಯಮಗಳೂ ಹೀಗೇ ಹೇಳುತ್ತವೆ. ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ಖಾತ್ರಿಪಡಿಸಿಕೊಳ್ಳುವ ವ್ಯವಸ್ಥೆ ಕೊಡಬೇಕು, ಬಳಸುವುದು ಬಿಡುವುದು ನಮ್ಮ ಇಚ್ಛೆ.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕೆಲವರ ಹೆಸರಿಗೆ ಮೊದಲು ಅಲೆಯಂಥ ಗೆರೆ (~) ಇರುತ್ತದಲ್ಲ, ಆ ನಂಬರು ನಿಮ್ಮ ಫೋನಿನಲ್ಲಿ ಸೇವ್ ಆಗಿಲ್ಲ, ಆ ಹೆಸರು ಅವರೇ ಬರೆದುಕೊಂಡದ್ದು ಎಂದರ್ಥ. ಅಲ್ಲಿ ಬ್ಯಾಂಕ್ ಮ್ಯಾನೇಜರ್ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ದುಡ್ಡಿನ ಮಾತು ಬಂದರೆ ಮೊದಲು ಆ ಗೆರೆ ನೋಡಿ.



ಕಾವ್ಯನಾಮ ಇಟ್ಟುಕೊಳ್ಳುವುದು ಅಪರಾಧವಲ್ಲ. ಇನ್ನೊಬ್ಬರಂತೆ ನಟಿಸಿ ಕಂಪ್ಯೂಟರ್ ಅಥವಾ ಫೋನಿನ ಮೂಲಕ ಮೋಸ ಮಾಡಿದರೆ ಮಾತ್ರ ಐಟಿ ಕಾಯ್ದೆಯ 66ಡಿ ಕಲಂ ಬರುತ್ತದೆ: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹೆಸರು ಮರೆಸಿ ಬೆದರಿಸಿದರೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ 2 ವರ್ಷದವರೆಗೆ ಸೇರುತ್ತದೆ. ಇದು ಭಾರತೀಯ ನ್ಯಾಯ ಸಂಹಿತೆಯ 351(4). ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ನಿಜವಾದ ಹೆಸರನ್ನೇ ಕದ್ದರೆ ಏನಾಗುತ್ತದೆ? ಮಂಗಳೂರಿನವರೊಬ್ಬರು ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದರು. ಅವರ ಹೆಸರಿನಲ್ಲಿ ಯಾರೋ ನಕಲಿ ಫೇಸ್‌ಬುಕ್ ಖಾತೆ ತೆರೆದು ಅಲ್ಲಿನ ದೊರೆಯ ಬಗ್ಗೆ, ಧರ್ಮದ ಬಗ್ಗೆ ಕೆಟ್ಟದಾಗಿ ಬರೆದರೆಂದು 2020ರಲ್ಲಿ ಪತ್ನಿ ಇಲ್ಲಿ ಪೊಲೀಸರಿಗೆ ದೂರು ಕೊಟ್ಟರು. ಅಲ್ಲಿ ಅವರಿಗೆ 15 ವರ್ಷ ಜೈಲು ಶಿಕ್ಷೆಯಾಯಿತು. ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್‌ನ ಕೆಲಸವನ್ನೇ ನಿಲ್ಲಿಸುವ ಆದೇಶದ ಬಗ್ಗೆ ಯೋಚಿಸಬೇಕಾದೀತು ಎಂದು 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎಚ್ಚರಿಸಿತು. ಎಲ್ಲರೂ ಸ್ವಂತ ಹೆಸರಲ್ಲೇ ಬರೆಯಲಿ ಎಂಬ ನಿಯಮ ಈ ಕುಟುಂಬವನ್ನು ಕಾಯುತ್ತಿತ್ತೇ? ಅಲ್ಲಿ ಕಂಡದ್ದು ಅಚ್ಚುಕಟ್ಟಾದ, ಪೂರ್ತಿ, ನಿಜವಾದ ಹೆಸರೇ ಆಗಿತ್ತು. ಗಲ್ಫಿನಲ್ಲಿ ಮಕ್ಕಳಿರುವ ನಮ್ಮ ಮನೆಗಳು ತಿಂಗಳಿಗೊಮ್ಮೆಯಾದರೂ ತಮ್ಮ ಹೆಸರನ್ನು ತಾವೇ ಹುಡುಕಿ ನೋಡಿಕೊಳ್ಳುವುದು ಒಳ್ಳೆಯದು.

ಹೆಸರು ಮರೆಯಲ್ಲಿರಲಿ ಎಂದು ನ್ಯಾಯಾಲಯವೇ ಹೇಳಿದ್ದುಂಟು. ಮಗಳ ಹೆಸರು ಹಳೆಯ ಪ್ರಕರಣವೊಂದರ ಆದೇಶದಲ್ಲಿದ್ದು ಅಂತರಜಾಲದ ಹುಡುಕಾಟದಲ್ಲಿ ಸಿಗುತ್ತಿದೆ ಎಂದು ತಂದೆಯೊಬ್ಬರು ಬೇಡಿಕೊಂಡಾಗ, 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದು ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.

ಇನ್ನು ಮೂಕರ್ಜಿ. ಬ್ಯಾಂಕಿನಲ್ಲೋ ಕೇಂದ್ರದ ಕಚೇರಿಯಲ್ಲೋ ಲಂಚ ಕೇಳಿದರೆಂದು ಸುಳ್ಳು ಹೆಸರಿನ ಖಾತೆಯಿಂದ ಊರ ಗ್ರೂಪಿಗೆ ಬರೆದು ಸುಮ್ಮನಾಗುವವರಿದ್ದಾರೆ. ಹೆಸರಿಲ್ಲದ ಅಥವಾ ಸುಳ್ಳು ಹೆಸರಿನ ದೂರಿನ ಮೇಲೆ ಕ್ರಮ ಬೇಡ ಎಂದು ಕೇಂದ್ರ ವಿಚಕ್ಷಣಾ ಆಯೋಗ 1999ರಲ್ಲೇ ಸುತ್ತೋಲೆ ಹೊರಡಿಸಿದೆ. ಹೆಸರು ಬರೆಯಲು ಹೆದರಿಕೆಯಾದರೆ 2004ರಿಂದ ಪಿಐಡಿಪಿಐ ಎಂಬ ಬೇರೆ ದಾರಿ ಇದೆ. ದೂರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಮೇಲೆ ‘ಪಿಐಡಿಪಿಐ ಅಡಿಯಲ್ಲಿ ದೂರು’ ಎಂದು ಬರೆದು, ದಿಲ್ಲಿಯಲ್ಲಿರುವ ಆಯೋಗದ ಕಾರ್ಯದರ್ಶಿಗೆ ಅಂಚೆಯಲ್ಲಿ ಕಳುಹಿಸಬೇಕು. ನಿಮ್ಮ ಹೆಸರು, ವಿಳಾಸ ಲಕೋಟೆಯ ಹೊರಗೆ ಬೇಡ, ಒಳಗಿನ ಪತ್ರದಲ್ಲಿ ಇರಲೇಬೇಕು. ಅದನ್ನು ಗುಟ್ಟಾಗಿಡುವುದು ಆಯೋಗದ ಹೊಣೆ.