ಮುಂಬಯಿಯೋ, ಬೆಂಗಳೂರೋ? ಗಡಿ ತಾಲ್ಲೂಕುಗಳಿಂದ ಪರದೇಶಕ್ಕೆ ಹೊರಟವರಿಗೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳು ಕಬ್ಬು ಮತ್ತು ತಂಬಾಕಿನ ಸೀಮೆ. ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಆ ಕಡೆಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಸದಸ್ಯರಲ್ಲಿ ಕೆಲವರಿಗೆ ಅಲ್ಲಿ ಬೀಗತನವಿದೆ, ನನಗೂ ಇದೆ. ಹೆಣ್ಣು ಕೊಟ್ಟು ತಂದ ಈ ಮನೆಗಳ ಮಕ್ಕಳು ಓದಿ ದುಬೈ, ಜರ್ಮನಿ, ಅಮೇರಿಕ ಸೇರಿದ್ದಾರೆ. ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ಹೊರಟ ಹಿರಿಯರು ನಾನು ಎರಡೂ ಕಡೆಯಿಂದ ಹೋಗಿ ಬಂದವನೆಂದು ತಿಳಿದು ಸಂಘದ ಕಚೇರಿಗೇ ಫೋನು ಮಾಡಿ ವಿಚಾರಿಸುತ್ತಾರೆ. ನಿಪ್ಪಾಣಿಯ ಬೀಗರೊಬ್ಬರ ಮಾತಂತೂ ಖಂಡಿತವಾದದ್ದು: "ಮುಂಬಯಿ ನಮಗ ಅಂಗಳದಾಗ ಇದ್ದಂಗ ಐತ್ರಿ, ಬೆಂಗಳೂರಿಗಿ ಯಾಕ ಹೋಗೂದ್ರಿ?"

ದೂರದ ಲೆಕ್ಕದಲ್ಲಿ ಅವರು ಹೇಳುವುದು ಸರಿ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೇ ಇರುವ ನಿಪ್ಪಾಣಿಯಿಂದ ಮುಂಬಯಿಗೆ ಸುಮಾರು 420 ಕಿ.ಮೀ., ಬೆಂಗಳೂರಿಗೆ ಸುಮಾರು 580. ಕೊಲ್ಲಾಪುರ ನಲವತ್ತು ಕಿ.ಮೀ. ಆಚೆಗಿದೆ. ಕಾಗವಾಡದವರಿಗೆ ಮಿರಜ ಪಕ್ಕದ ಊರು. ಅಜ್ಜನ ಕಾಲದಿಂದ ವ್ಯಾಪಾರ, ಆಸ್ಪತ್ರೆ, ನೌಕರಿ ಎಲ್ಲಕ್ಕೂ ಆ ದಿಕ್ಕಿಗೇ ಮುಖ ಮಾಡಿದ ಜನ ಇವರು. ಮರಾಠಿ ಅವರ ನಾಲಿಗೆಯ ಮೇಲಿದೆ. ಮಲೆನಾಡಿನ ನಮಗೆ ಮುಂಬಯಿಯೇ ಅರ್ಧ ಪರದೇಶ, ಅವರಿಗೆ ಹಾಗಲ್ಲ.

ಆದರೆ ಲೆಕ್ಕ ಹಾಕಬೇಕಾದದ್ದು ಊರಿನಿಂದ ಊರಿಗೆ ಅಲ್ಲ, ಮನೆಯ ಹೊಸ್ತಿಲಿನಿಂದ ವಿಮಾನದ ಬಾಗಿಲಿಗೆ. ಅದರಲ್ಲೂ ಕೊನೆಯ ಮೂವತ್ತು ಕಿ.ಮೀ., ಅದೂ ರಾತ್ರಿಯ ಹೊತ್ತಿನಲ್ಲಿ. ಪರದೇಶದ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಅರವತ್ತೈದು ದಾಟಿದ ದಂಪತಿಗಳು ನಾಲ್ಕು ಪೆಟ್ಟಿಗೆಗಳೊಂದಿಗೆ ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣ ಊರಿನ ನಡುವೆಯೇ ಇದೆ. ಇದು ಅದರ ಸೌಕರ್ಯವೂ ಹೌದು, ಕಷ್ಟವೂ ಹೌದು. ಪುಣೆಯ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಸಲೀಸಾಗಿ ಬಂದ ಕಾರು ವಾಶಿ ದಾಟಿದ ಮೇಲೆ ಸಂಜೆಯ ದಟ್ಟಣೆಯಲ್ಲಿ ಆಮೆಯಾಗುತ್ತದೆ. ಅಲ್ಲಿನ ಎರಡು ಓಡುದಾರಿಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಒಂದು ಹೊತ್ತಿಗೆ ಒಂದನ್ನೇ ಬಳಸಬೇಕು. 2023-24ರಲ್ಲಿ ಸುಮಾರು 5.28 ಕೋಟಿ ಪ್ರಯಾಣಿಕರು ಇಷ್ಟರಲ್ಲೇ ಹಾದುಹೋದರು. 2019ರ ಜುಲೈ 1ರ ರಾತ್ರಿ ಮಳೆಯಲ್ಲಿ ವಿಮಾನವೊಂದು ಮುಖ್ಯ ಓಡುದಾರಿಯ ಕೊನೆ ದಾಟಿ ಕೆಸರಿನಲ್ಲಿ ಹೂತುಕೊಂಡಾಗ ಆ ದಾರಿ ಹಲವು ದಿನ ಮುಚ್ಚಿ, ಎಷ್ಟೋ ವಿಮಾನಗಳು ರದ್ದಾದವು. ಬೆಂಗಳೂರಿನಲ್ಲಿ 2019ರ ಡಿಸೆಂಬರಿನಿಂದ ಸಮಾನಾಂತರವಾದ ಎರಡು ಓಡುದಾರಿಗಳಿವೆ, ಪ್ರಯಾಣಿಕರೂ ಕಡಿಮೆ (ಅದೇ ವರ್ಷ ಸುಮಾರು 3.75 ಕೋಟಿ). ಚಳಿಗಾಲದ ಬೆಳಗಿನ ಜಾವ ದೇವನಹಳ್ಳಿಯ ಬಯಲಿಗೆ ಮಂಜು ಕವಿಯುತ್ತದೆ ಎಂಬುದೊಂದು ಕೊರತೆ. ನಮ್ಮ ಕಾಫಿ ಕೊಯ್ಲಿನ ತಿಂಗಳುಗಳೇ ಅವು.

ಮುಂಬಯಿ ಪರವಾಗಿ ಈಚೆಗೆ ಸೇರಿದ ದೊಡ್ಡ ಅನುಕೂಲವೆಂದರೆ ಮೆಟ್ರೊ. 2024ರ ಅಕ್ಟೋಬರಿನಲ್ಲಿ ಭಾಗಶಃ ತೆರೆದು 2025ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ಮೂರನೆಯ ಮಾರ್ಗ ನೆಲದಡಿಯಲ್ಲಿ ಓಡಿ, ಎರಡನೆಯ ಟರ್ಮಿನಲ್ಲಿನ ಬಳಿಯೇ ನಿಲ್ಲುತ್ತದೆ. ಕೊಲ್ಲಾಪುರದಿಂದಲೋ ಮಿರಜದಿಂದಲೋ ರಾತ್ರಿ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದು ಅಲ್ಲೇ ಮೆಟ್ರೊ ಹಿಡಿಯಬಹುದು. ಒಂಟಿ ಹುಡುಗನಿಗೆ, ಒಂದು ಚೀಲಕ್ಕೆ, ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ನಡುರಾತ್ರಿ ಅದು ಓಡುವುದಿಲ್ಲ, ನಾಲ್ಕು ಪೆಟ್ಟಿಗೆಗಳಿಗೆ ಅದು ತಕ್ಕುದೂ ಅಲ್ಲ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಮೆಟ್ರೊ ಕಾಮಗಾರಿ ಇನ್ನೂ ನಡೆದಿದೆ. 2008ರ ಮೇ 24ರಂದು ಈ ನಿಲ್ದಾಣ ತೆರೆದು ಹಳೆಯ ಎಚ್.ಎ.ಎಲ್. ನಿಲ್ದಾಣ ಸಾರ್ವಜನಿಕ ವಿಮಾನಗಳಿಗೆ ಮುಚ್ಚಿದಾಗ ಇಷ್ಟು ದೂರವೇ ಎಂದು ಎಲ್ಲರೂ ಗೊಣಗಿದವರೇ. ಪೇಟೆಯಿಂದ ಸುಮಾರು 35 ಕಿ.ಮೀ. ಆದರೆ ನಮ್ಮ ಗಡಿಯವರು ಪೇಟೆಗೆ ಹೋಗಬೇಕಾಗಿಯೇ ಇಲ್ಲ! ಹೆದ್ದಾರಿಯಲ್ಲಿ ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ದೊಡ್ಡಬಳ್ಳಾಪುರದ ಮೇಲೆ ನೇರವಾಗಿ ದೇವನಹಳ್ಳಿ. ಬೆಂಗಳೂರಿನ ಒಂದು ಸಿಗ್ನಲ್ಲನ್ನೂ ನೋಡದೆ ನಿಲ್ದಾಣ ಸೇರಬಹುದು. ಇದನ್ನು ಬಾಡಿಗೆ ಕಾರಿನ ಚಾಲಕರಿಗೆ ಮೊದಲೇ ಹೇಳಿಡಬೇಕು, ಇಲ್ಲವಾದರೆ ಅವರು ರೂಢಿಯಂತೆ ಯಶವಂತಪುರದ ಕಡೆಗೇ ಓಡಿಸುತ್ತಾರೆ. ರೈಲಿನವರಿಗೆ ರಾಯಬಾಗ, ಕುಡಚಿ ಮಾರ್ಗದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದರೆ ವಾಯುವಜ್ರ ಬಸ್ಸುಗಳು ಹಗಲು ರಾತ್ರಿ ನಿಲ್ದಾಣಕ್ಕೆ ಓಡುತ್ತವೆ. ರೈಲು ಮುಟ್ಟದ ಅಥಣಿಯವರು ಹೇಗೂ ಕುಡಚಿಗೋ ಮಿರಜಕ್ಕೋ ಹೋಗಲೇಬೇಕು. ಅಲ್ಲಿಂದ ಎರಡೂ ನಗರಗಳು ಒಂದೊಂದು ರಾತ್ರಿಯ ಪ್ರಯಾಣ, ಆದ್ದರಿಂದ ದೂರದ ವಾದ ಅವರ ಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಎರಡು ಕಡೆಯ ಕಟ್ಟಡಗಳೂ ನೋಡತಕ್ಕವು. 2014ರಲ್ಲಿ ತೆರೆದ ಮುಂಬಯಿಯ ಎರಡನೆಯ ಟರ್ಮಿನಲ್ಲನ್ನೂ, 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಎರಡನೆಯ ಟರ್ಮಿನಲ್ಲನ್ನೂ ರೂಪಿಸಿದ್ದು ಒಂದೇ ಅಮೇರಿಕನ್ ಸಂಸ್ಥೆ. ಮುಂಬಯಿಯದ್ದು ನವಿಲುಗರಿಯ ಚಾವಣಿ, ಉದ್ದಕ್ಕೂ ಕಲಾಕೃತಿಗಳ ಗೋಡೆ. ಬೆಂಗಳೂರಿನದ್ದು ಬಿದಿರಿನ ಚಾವಣಿಯಿಂದ ಇಳಿಬಿಟ್ಟ ಗಿಡಗಳ ತೋಟ. ನೆರಳು ಮರದ ಕೆಳಗೆ ಬದುಕುವ ನಮ್ಮಂಥವರಿಗೆ ಇದು ಹೆಚ್ಚು ಹಿಡಿಸುತ್ತದೆ. ಅಲ್ಲಿ ಒಂದು ಲೋಟ ಕಾಫಿಗೆ ಕೇಳುವ ಬೆಲೆಯನ್ನೂ, ಅದರಲ್ಲಿ ನಮ್ಮ ಬೀಜದ ಪಾಲೆಷ್ಟು ಎಂಬುದನ್ನೂ ಯೋಚಿಸದೆ ಕುಡಿದರೆ ಕಾಫಿಯೂ ರುಚಿಯಾಗಿದೆ.

2023ರ ಸೆಪ್ಟೆಂಬರಿನಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್ಲಿನಲ್ಲೇ ಇವೆ. ಮುಂಬಯಿಯಲ್ಲೂ ಪರದೇಶದವು ಎರಡನೆಯದರಲ್ಲಿ. ಆದರೆ ಅಲ್ಲಿ ಒಂದನೆಯ ಟರ್ಮಿನಲ್ಲು ರಸ್ತೆಯ ಮೇಲೆ ಕೆಲವು ಕಿ.ಮೀ. ಆಚೆಗಿದೆ, ದೇಶದೊಳಗಿನ ವಿಮಾನದಿಂದ ಇಳಿದು ಮುಂದಿನದನ್ನು ಹಿಡಿಯುವವರು ಇದನ್ನು ಗಮನಿಸಬೇಕು. ಈಗ ಇನ್ನೊಂದು ತೊಡಕು ಸೇರಿದೆ. ಪನವೇಲದ ಹತ್ತಿರದ ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಡಿಸೆಂಬರ್ 25ರಂದು ಹಾರಾಟ ಆರಂಭಿಸಿತು. ಪುಣೆಯ ಕಡೆಯಿಂದ ಬರುವ ನಮ್ಮವರಿಗೆ ಅದು ಸಹಾರಿಗಿಂತ ಎಷ್ಟೋ ಹತ್ತಿರ. ಆದರೆ ಟಿಕೇಟಿನಲ್ಲಿ "ಮುಂಬಯಿ" ಎಂದಷ್ಟೇ ಓದಿ ಹೊರಟವರು ತಪ್ಪು ನಿಲ್ದಾಣಕ್ಕೆ ಹೋಗಿ ನಿಲ್ಲುವ ಅಪಾಯವಿದೆ. ಸಹಾರಿನ ಸಂಕೇತ ಬಿಓಎಂ, ಹೊಸದರದ್ದು ಎನ್‌ಎಂಐ. ಟಿಕೇಟಿನ ಆ ಮೂರು ಅಕ್ಷರಗಳನ್ನು ಮಕ್ಕಳಿಂದ ಓದಿಸಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಸಿಕೊಳ್ಳಿ.

ಗಡಿಯವರು ಮರೆಯಬಾರದ ಇನ್ನೊಂದು ಸಂಗತಿಯೆಂದರೆ ಗಡಿಯೇ. 2022ರ ಡಿಸೆಂಬರಿನಲ್ಲಿಯೂ 2025ರ ಫೆಬ್ರವರಿಯಲ್ಲಿಯೂ ಭಾಷೆಯ ಜಗಳದಿಂದಾಗಿ ಎರಡು ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. 2019 ಮತ್ತು 2021ರ ಮಹಾಪೂರಗಳಲ್ಲಿ ಕೊಲ್ಲಾಪುರದ ಬಳಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿ ದಿನಗಟ್ಟಲೆ ಮುಚ್ಚಿತು. ಕೃಷ್ಣೆ, ದೂಧಗಂಗೆ ಉಕ್ಕಿದಾಗ ಅಥಣಿ, ಕಾಗವಾಡ, ಚಿಕ್ಕೋಡಿಯವರಿಗೆ ಸ್ವಂತ ಊರಿನಿಂದ ಹೊರಬೀಳುವುದೇ ಕಷ್ಟ. ಜುಲೈ, ಆಗಸ್ಟಿನಲ್ಲಿ ಹೊರಡುವವರು ಎರಡು ದಿನ ಮುಂಚೆಯೇ ಹೊರಟು ನೆಂಟರ ಮನೆಯಲ್ಲಿ ಉಳಿಯುವುದು ಲೇಸು. ವಿಮಾನ ನಮಗಾಗಿ ಕಾಯುವುದಿಲ್ಲ, ತಪ್ಪಿದ ಟಿಕೇಟಿನ ಹಣವೋ, ಒಂದು ಎಕರೆ ಕಬ್ಬಿನ ಲಾಭಕ್ಕೆ ಸಾಟಿಯಾದೀತು.

ನನ್ನ ಅಭಿಪ್ರಾಯ ಕೇಳಿದರೆ, ನಿಪ್ಪಾಣಿ, ಕಾಗವಾಡದ ವಯಸ್ಸಿನ ಹುಡುಗರು ಮುಂಬಯಿಗೆ ಹೋಗಲಿ. ಅಲ್ಲಿಂದ ಪರದೇಶಕ್ಕೆ ನೇರ ವಿಮಾನಗಳೂ ಹೆಚ್ಚು. ಮೊದಲ ಸಲ ಹೊರಟ ಹಿರಿಯರಿಗೆ, ಜೊತೆಗೆ ಯಾರೂ ಇಲ್ಲದವರಿಗೆ, ನಾನು ಬೆಂಗಳೂರನ್ನೇ ಹೇಳುತ್ತೇನೆ. ಟಿಕೇಟಿಲ್ಲದ ಮಗನನ್ನೋ ಅಳಿಯನನ್ನೋ ಎರಡೂ ಕಡೆ ಟರ್ಮಿನಲ್ಲಿನೊಳಗೆ ಬಿಡುವುದಿಲ್ಲ. ಬಾಗಿಲಿನಿಂದಾಚೆ ಅವರೇ ಹೋಗಬೇಕು. ಬೆಂಗಳೂರಿನಲ್ಲಿ ಫಲಕಗಳಾದರೂ ಕನ್ನಡದಲ್ಲಿವೆ (ಕೌಂಟರಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅದೃಷ್ಟದ ಮಾತು). ಗಾಲಿಕುರ್ಚಿಯನ್ನು ಟಿಕೇಟು ಮಾಡಿಸುವಾಗಲೇ ಕೇಳಿ ಬರೆಸಿಡಿ. ಮಂಡಿನೋವಿನವರು ಇದರಲ್ಲಿ ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ವಿಮಾನ ಸಿಕ್ಕರೆ, ಅದನ್ನೂ ಮುಂದಿನ ವಿಮಾನವನ್ನೂ ಒಂದೇ ಟಿಕೇಟಿನಲ್ಲಿ ಮಾಡಿಸಿ, ಪೆಟ್ಟಿಗೆಗಳು ಕೊನೆಯ ಊರಿನವರೆಗೆ ಹೋಗುತ್ತವೆಯೇ ಎಂದು ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಬೇರೆ ಬೇರೆ ಟಿಕೇಟಾದರೆ ನಡುವೆ ಪೆಟ್ಟಿಗೆ ಬಿಡಿಸಿ ಮತ್ತೆ ಒಪ್ಪಿಸುವ ಪಾಡು ನಿಮ್ಮದೇ.

ಸಾಮಾನಿನ ವಿಷಯದಲ್ಲಿ ಎರಡೂ ನಿಲ್ದಾಣಗಳ ತಪಾಸಣೆ ಒಂದೇ. ನಮ್ಮ ತೋಟದ ಕಾಫಿಪುಡಿಯನ್ನು ಮಕ್ಕಳಿಗೆ ಒಯ್ಯುವವರು ಅದನ್ನು ಕೈಚೀಲದಲ್ಲಿಡದೆ ಒಪ್ಪಿಸುವ ಪೆಟ್ಟಿಗೆಯಲ್ಲಿಡಿ. ಅಮೇರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ 350 ಮಿ.ಲೀ.ಗೂ ಮೀರಿದ ಪುಡಿಗಳನ್ನು ಕೈಚೀಲದಲ್ಲಿ ಕಂಡರೆ ಬಿಚ್ಚಿಸಿ ಪರೀಕ್ಷಿಸುತ್ತಾರೆ. ಬೀಗಿತ್ತಿ ಕುಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಗೂ ಇದೇ ನಿಯಮ. ತುಪ್ಪ, ಉಪ್ಪಿನಕಾಯಿ ಸಹ ಪೆಟ್ಟಿಗೆಗೇ. ಒಣಕೊಬ್ಬರಿಯನ್ನು ಮಾತ್ರ ಅದರಲ್ಲಿ ಇಡಬೇಡಿ: ಎಣ್ಣೆಯಂಶದಿಂದ ತಾನಾಗಿ ಕಾವೇರುವ ವಸ್ತುವೆಂದು ಅದಕ್ಕೆ ನಿಷೇಧವಿದೆ. ದುಬೈ ಮೂಲಕ ಹೋಗುವವರು ಗಸಗಸೆಯನ್ನೂ ವೀಳ್ಯದೆಲೆಯನ್ನೂ ಮನೆಯಲ್ಲೇ ಬಿಡಿ. ಅಲ್ಲಿ ಎರಡೂ ನಿಷಿದ್ಧ, ಗಸಗಸೆಗೆ ಸೆರೆಮನೆಯೂ ಆದೀತು.

ಹಿಂತಿರುಗುವಾಗ ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಕಸ್ಟಮ್ಸ್ ದಾಟಿ, ಬೆಳಗಾವಿಯ ವಿಮಾನಕ್ಕೆ ಮತ್ತೆ ಒಪ್ಪಿಸಬೇಕಾಗುತ್ತದೆ. ಇದಕ್ಕೆ ಮೂರು ತಾಸಾದರೂ ಬಿಡುವಿರುವಂತೆ ಟಿಕೇಟು ಮಾಡಿಸಲು ಮಕ್ಕಳಿಗೆ ಈಗಲೇ ಬರೆದು ತಿಳಿಸಿ.