ಅಡಿಕೆ ಸಿಪ್ಪೆ ಮತ್ತು ವಿದ್ಯುತ್ ಹಿಡಿದಿಡುವ ಹಾಳೆ

ಸದಸ್ಯ ಬಾಂಧವರಲ್ಲಿ ಕೆಲವರು, "ಸಿಪ್ಪೆಯಿಂದ ಬ್ಯಾಟರಿ ಮಾಡುತ್ತಾರಂತೆ, ಅದನ್ನು ಗೊಬ್ಬರಗುಂಡಿಗೆ ಹಾಕುವುದೋ, ಕೂಡಿಡುವುದೋ?" ಎಂದು ವಿಚಾರಿಸುತ್ತಿದ್ದಾರೆ. ಪ್ರಶ್ನೆ ಸಣ್ಣದಲ್ಲ. ಹಸಿ ಅಡಿಕೆಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ. ಸುಲಿಗೆ ಮುಗಿಯುವ ಹೊತ್ತಿಗೆ ಹೆಗಡೆಕಟ್ಟಾ ಸುತ್ತಿನ ಮನೆಮನೆಯಲ್ಲೂ ಅದರ ಗುಡ್ಡೆ ಏಳುತ್ತದೆ. ಆದ್ದರಿಂದ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಸಿಪ್ಪೆಯ ನಾರಿನಲ್ಲಿ ಸೆಲ್ಯುಲೋಸ್ ಎಂಬ ವಸ್ತುವಿದೆ. ಕಾಗದವೆಂದರೆ ಬಹುಪಾಲು ಇದೇ. ನಮ್ಮ ಜಿಲ್ಲೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಮೊದಲಿಗೆ ಇಲ್ಲಿನ ಕಾಡಿನ ಬಿದಿರಿನಿಂದ ತೆಗೆದದ್ದೂ ಇದನ್ನೇ. ಹಗ್ಗವನ್ನು ಬಿಡಿಸಿದರೆ ಹುರಿ, ಹುರಿಯನ್ನು ಬಿಡಿಸಿದರೆ ಎಳೆ ಸಿಗುವಂತೆ, ನಾರನ್ನು ಕ್ಷಾರದಲ್ಲಿ ಬೇಯಿಸಿ, ಬಿಳುಪು ಮಾಡಿ, ನೀರಿನಲ್ಲಿ ಬಲವಾಗಿ ಅರೆದರೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ದಪ್ಪದ ಎಳೆಗಳು ಸಿಗುತ್ತವೆ. ಇದೇ ನ್ಯಾನೋಸೆಲ್ಯುಲೋಸ್. ಅಡಿಕೆ ಸಿಪ್ಪೆಯಿಂದಲೇ ಇದನ್ನು ತೆಗೆದ ಬಗೆಯನ್ನು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ.

ಗ್ರಾಫೀನ್ ಎಂಬುದು ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಪದರ. 2004ರಲ್ಲಿ ಮ್ಯಾಂಚೆಸ್ಟರಿನ ಗೀಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಈ ಪದರವನ್ನು ಬಿಡಿಸಿ ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಲೆಕ್ಕದ ಪ್ರಕಾರ ಒಂದು ಗ್ರಾಂ ಗ್ರಾಫೀನಿನ ಮೇಲ್ಮೈ 2,630 ಚದರ ಮೀಟರ್, ಅಂದರೆ ಸುಮಾರು 26 ಗುಂಟೆ ತೋಟದಷ್ಟು!

ಈ ವಿಸ್ತಾರವೇ ಇಲ್ಲಿ ಮುಖ್ಯ. ಬ್ಯಾಟರಿಯು ರಾಸಾಯನಿಕ ಬದಲಾವಣೆಯಿಂದ ವಿದ್ಯುತ್ತನ್ನು ಹಿಡಿದಿಡುತ್ತದೆ. ಸೂಪರ್ ಕೆಪ್ಯಾಸಿಟರಿನಲ್ಲಿ ವಿದ್ಯುದಂಶಗಳು ಮೇಲ್ಮೈಗೆ ಬಂದು ಕೂರುತ್ತವೆ, ಅಷ್ಟೆ. ಅಂಗಳ ದೊಡ್ಡದಾದಷ್ಟೂ ಹೆಚ್ಚು ಅಡಿಕೆ ಹರಡಬಹುದಲ್ಲವೆ? ಹಾಗೆಯೇ ಇದು. ಆದರೆ ಹಸಿ ಹಲಸಿನ ಹಪ್ಪಳವನ್ನು ಪೇರಿಸಿಟ್ಟರೆ ಒಂದಕ್ಕೊಂದು ಅಂಟುವಂತೆ ಗ್ರಾಫೀನ್ ಪದರಗಳೂ ಅಂಟಿಕೊಂಡು, ಆ ವಿಸ್ತಾರ ನಷ್ಟವಾಗುತ್ತದೆ. ನ್ಯಾನೋಸೆಲ್ಯುಲೋಸಿನ ಎಳೆಗಳು ನಡುವೆ ಸೇರಿ ಪದರಗಳನ್ನು ಬಿಡಿಬಿಡಿಯಾಗಿ ಇಡುತ್ತವೆ, ದ್ರಾವಣವನ್ನು ಹೀರಿಕೊಳ್ಳುತ್ತವೆ, ಒಣಗಿದ ಹಾಳೆಗೆ ಮಡಚಿದರೂ ಮುರಿಯದ ಬಲ ಕೊಡುತ್ತವೆ.

ಇನ್ನು ಮನೆಯ ಲೆಕ್ಕ ನೋಡೋಣ. 12 ವೋಲ್ಟ್, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ; ಅದರ ತೂಕ 50-60 ಕಿಲೋ. ಈಗ ಪೇಟೆಯಲ್ಲಿರುವ ಸೂಪರ್ ಕೆಪ್ಯಾಸಿಟರಿನಲ್ಲಿ ಕಿಲೋಗೆ 5 ವ್ಯಾಟ್-ಅವರ್ ಹಿಡಿದರೂ ಅಷ್ಟೇ ಶಕ್ತಿಗೆ 360 ಕಿಲೋ ಬೇಕು. ಹಾಗಾಗಿ ಮಳೆಗಾಲದಲ್ಲಿ ಕರೆಂಟು ಹೋದಾಗ ಇದು ಇನ್ವರ್ಟರಿಗೆ ಬದಲಿಯಾಗದು. ಕ್ಷಣದಲ್ಲಿ ತುಂಬಿ ಕ್ಷಣದಲ್ಲಿ ಕೊಡುವುದು, ಲಕ್ಷಾಂತರ ಸಲ ತುಂಬಿದರೂ ಸವೆಯದಿರುವುದು ಇದರ ಗುಣ. ತೆಳುವಾದ ಹಾಳೆಯಾದ್ದರಿಂದ ಮೈಮೇಲೆ ಧರಿಸುವ ಪುಟ್ಟ ಸಾಧನಗಳಿಗೆ, ಮಣ್ಣಿನ ತೇವ ಅಳೆಯುವಂಥ ಉಪಕರಣಗಳಿಗೆ ಹೊಂದೀತು.

ಪರಿಸರಸ್ನೇಹಿ ಎಂಬ ಮಾತನ್ನೂ ತೂಗಿ ನೋಡಬೇಕು. ಸೆಲ್ಯುಲೋಸ್ ಮಣ್ಣಿನಲ್ಲಿ ಕರಗೀತು, ನಿಜ. ಆದರೆ ಬೇಯಿಸಿದ ಕ್ಷಾರದ ನೀರು, ಗ್ರಾಫೀನ್ ತಯಾರಿಕೆಯಲ್ಲಿ ಬಳಸುವ ಗಂಧಕಾಮ್ಲ ನಮ್ಮ ಹಳ್ಳಕ್ಕೆ ಇಳಿಯಬಾರದಷ್ಟೆ. ಇದು ಊರೊಳಗೆ ಒಲೆ ಹೂಡಿ ಮಾಡುವ ಉದ್ಯಮವಲ್ಲ.

ಸೆಲ್ಯುಲೋಸ್ ಬಾಳೆದಿಂಡು, ಹತ್ತಿ, ಕಬ್ಬಿನ ಸಿಪ್ಪೆ, ಮರ ಎಲ್ಲದರಲ್ಲಿಯೂ ಇದೆ. ಅಡಿಕೆ ಸಿಪ್ಪೆಯೇ ಬೇಕೆಂಬ ಅನಿವಾರ್ಯತೆ ಇಲ್ಲವಾದ್ದರಿಂದ ಕಚ್ಚಾ ಸಿಪ್ಪೆಗೆ ದೊಡ್ಡ ಬೆಲೆ ಬಂದೀತೆಂದು ನಂಬುವುದು ಕಷ್ಟ. ಈ ಹೆಸರಿನಲ್ಲಿ ಯಾರಾದರೂ ಷೇರು, ಮುಂಗಡ, ಯಂತ್ರ ಎಂದು ಮನೆಬಾಗಿಲಿಗೆ ಬಂದರೆ, ಕಾಗದಪತ್ರಗಳನ್ನು ಸಂಘಕ್ಕೆ ತಂದು ತೋರಿಸಿದ ನಂತರವೇ ಸಹಿ ಮಾಡಬೇಕಾಗಿ ವಿನಂತಿ.

ಸದ್ಯ ಸಿಪ್ಪೆಯನ್ನು ಸುಡುವುದೂ ಬೇಡ, ರಸ್ತೆ ಬದಿಗೆ ಸುರಿಯುವುದೂ ಬೇಡ. ಲಿಗ್ನಿನ್ ಇರುವ ಕಾರಣ ಅದು ನಿಧಾನವಾಗಿ ಕೊಳೆಯುತ್ತದೆ. ಸಗಣಿ ಬಗ್ಗಡ ಹಾಕಿ, ಸೊಪ್ಪಿನೊಡನೆ ಪದರ ಪದರವಾಗಿ ತುಂಬಿ, ತೇವ ಆರದಂತೆ ನೋಡಿಕೊಂಡರೆ ಒಳ್ಳೆಯ ಗೊಬ್ಬರವಾಗುತ್ತದೆ. ವಿಜ್ಞಾನಿಗಳ ಹಾಳೆ ಮುಂದೆಂದಾದರೂ ಪೇಟೆಗೆ ಬಂದಾಗ ಸಂತೋಷಪಡೋಣ. ಅಲ್ಲಿಯವರೆಗೆ ತೋಟದ ಸತ್ವ ತೋಟಕ್ಕೇ ಮರಳಲಿ.